ರೇಖೆ ಸವೆದ ಬೆರಳು

ಅರುವತ್ತು ವರ್ಷಗಳ ಕಾಲ ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು, ಟೊಮೆಟೊ ಗಿಡಗಳಿಗೆ ಕೋಲು ನೆಟ್ಟು ಕಟ್ಟಿ, ನಸುಕಿನಲ್ಲೆದ್ದು ಹಾಲು ಕರೆದು ಡೇರಿಗೆ ಹಾಕಿದ ಕೈಗಳಲ್ಲಿ ಬೆರಳಿನ ರೇಖೆಗಳು ಉಳಿದಿರುವುದಿಲ್ಲವೆಂಬುದು ಮುಳಬಾಗಿಲು ಸೀಮೆಯವರಿಗೆ ಹೊಸ ಸಂಗತಿಯೇನಲ್ಲ. ಆದರೆ ಆ ಸವೆದ ರೇಖೆಗಳೇ ವೃದ್ಧಾಪ್ಯದಲ್ಲಿ ರೋಗಿಗೂ ಚಿಕಿತ್ಸೆಗೂ ನಡುವೆ ಅಡ್ಡನಿಲ್ಲಬಹುದೆಂಬುದನ್ನು, ಆರೋಗ್ಯ ಕಾರ್ಡಿಗೆಂದು ಯಂತ್ರದ ಮೇಲೆ ಹೆಬ್ಬೆರಳನ್ನು ಮತ್ತೆ ಮತ್ತೆ ಒತ್ತಿದ ಮೇಲೆಯೇ ನಮ್ಮ ಹಿರಿಯರು ಅರಿಯುತ್ತಾರೆ.

ಧನದ ವಿಷಯದಲ್ಲಿ ಸರ್ಕಾರ ಕೈ ಬಿಗಿಹಿಡಿದಿದೆಯೆಂದು ಹೇಳಲಾಗದು. ರಾಜ್ಯದ ‘ಆರೋಗ್ಯ ಕರ್ನಾಟಕ’ವೂ ಕೇಂದ್ರದ ‘ಆಯುಷ್ಮಾನ್ ಭಾರತ’ವೂ 2018ರಲ್ಲಿ ಒಂದಾಗಿ ಬೆಸೆದಂದಿನಿಂದ, ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಆಶ್ರಯವುಂಟು, ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ದೊರೆಯುತ್ತದೆ. ಇದಲ್ಲದೆ 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರವು, ಬಡವ ಬಲ್ಲಿದನೆಂಬ ಭೇದವನ್ನೆಣಿಸದೆ, 70 ವರ್ಷ ತುಂಬಿದವರಿಗೆಲ್ಲ ‘ವಯ ವಂದನಾ’ ಕಾರ್ಡನ್ನು ಘೋಷಿಸಿತು. ಮೊದಲೇ ಯೋಜನೆಗೊಳಪಟ್ಟ ಮನೆಗಳಲ್ಲಿ, ಕಿರಿಯರೊಡನೆ ಹಂಚಿಕೊಳ್ಳಬೇಕಾಗಿಲ್ಲದ ಮತ್ತೊಂದು 5 ಲಕ್ಷವು ಹಿರಿಯರ ಪಾಲಿಗೇ ಮೀಸಲು. ಮಾಜಿ ಸೈನಿಕರೂ ಕೇಂದ್ರ ಸರ್ಕಾರದ ನಿವೃತ್ತ ನೌಕರರೂ ಮಾತ್ರ ತಮಗಿರುವ ಸೌಲಭ್ಯ, ಈ ಕಾರ್ಡು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳತಕ್ಕದ್ದು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಹುಟ್ಟಿ, ನಡುವೆ ನಿಂತು, ಮರಳಿ ಚಾಲ್ತಿಗೆ ಬಂದ ‘ಯಶಸ್ವಿನಿ’ಯಾದರೋ ವರ್ಷವರ್ಷವೂ ನೋಂದಣಿಯನ್ನು ಬೇಡುತ್ತದೆ.

ತೊಡಕಿರುವುದು ಹಣದಲ್ಲಲ್ಲ, ಪುರಾವೆಯಲ್ಲಿ. ನಂದನ ಸಂವತ್ಸರದಲ್ಲಿ ಹುಟ್ಟಿದೆನೆಂದು ಹೇಳುವ ಅಜ್ಜಿಗೆ ತನ್ನ ವಯಸ್ಸು ಚೆನ್ನಾಗಿ ಗೊತ್ತು. ಆದರೆ ಯೋಜನೆ ನಂಬುವುದು ಆಧಾರ್ ಕಾರ್ಡಿನಲ್ಲಿ ಯಾರೋ ಅಂದಾಜಿನಿಂದ ಬರೆಸಿದ ಜನವರಿ ಒಂದನೆಯ ತಾರೀಖನ್ನು. ಎಪ್ಪತ್ತೆರಡರ ಅಜ್ಜಿ ಕಾಗದದಲ್ಲಿ ಅರುವತ್ತೆಂಟಾಗಿದ್ದರೆ ಅವಳ ಹಕ್ಕು ನಾಲ್ಕು ವರ್ಷ ಮುಂದೆ ಸರಿದಂತೆಯೇ. ಬೆರಳು ಒಪ್ಪದಿದ್ದಾಗ ಕಣ್ಣಿನ ಪಾಪೆಯ ಗುರುತಿನಿಂದಲೋ ಮುಖಚಹರೆಯಿಂದಲೋ ಮೊಬೈಲಿಗೆ ಬರುವ ಓಟಿಪಿಯಿಂದಲೋ ಕಾರ್ಯ ಸಾಧಿಸಬಹುದು. ಆದರೆ ಆ ಮೊಬೈಲು ಬೆಂಗಳೂರಿನಲ್ಲಿ ದುಡಿಯುವ ಮಗನ ಜೇಬಿನಲ್ಲಿರುತ್ತದೆ!

ಇನ್ನು ಚಿಕಿತ್ಸೆಯ ಕ್ರಮ. ಪ್ರಾಣಾಪಾಯದ ತುರ್ತುಸಮಯವನ್ನುಳಿದು, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲೂ ಆಗದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಯನ್ನು ಸೇರಬೇಕು. ಈ ಪತ್ರವಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಯ ಮೆಟ್ಟಿಲೇರಿ, ಹಸುವನ್ನು ಮಾರಿ ಬಿಲ್ಲು ಕಟ್ಟುವ ಕುಟುಂಬದ ದುಃಖವು ತಪ್ಪಿಸಬಹುದಾದ ದುಃಖ. ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಕೀಲುಗಳು ಬಿಗಿದ ನಮ್ಮ ಹಿರಿಯರು ಮತ್ತೊಂದನ್ನೂ ತಿಳಿದಿರಬೇಕು: ಕಾರ್ಡು ಒಳರೋಗಿಯ ವೆಚ್ಚಕ್ಕೆ ಮಾತ್ರ, ನಿತ್ಯದ ಮಾತ್ರೆಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಗತಿ.

ಇದೇ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ.ಜಿ.ಯವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು, ಸಾಮಾನ್ಯ ಪ್ರಜೆಗೆ ರಾಜ್ಯದ ವ್ಯವಹಾರ ತಿಳಿದಿರಬೇಕೆಂಬ ಶ್ರದ್ಧೆಯಿಂದ. ಆ ತಿಳಿವಳಿಕೆ ಇಂದು ಯಾರಿಗಾದರೂ ಅತ್ಯವಶ್ಯವಾಗಿದ್ದರೆ, ಅದು ಓದು ಬಾರದ, ಮಕ್ಕಳು ದೂರವಾದ ಈ ವೃದ್ಧರಿಗೆ.

ಆದ್ದರಿಂದ ಬೆಂಗಳೂರಿನಿಂದ ಊರಿಗೆ ಬರುವ ಮಕ್ಕಳಲ್ಲಿ ನನ್ನ ವಿನಂತಿ ಇಷ್ಟು: ಕಾಯಿಲೆ ಬಾಗಿಲು ತಟ್ಟುವ ಮುನ್ನ, ಅಪ್ಪ ಅಮ್ಮನ ಆಧಾರ್ ಕಾರ್ಡಿನ ಜನ್ಮದಿನಾಂಕವನ್ನೊಮ್ಮೆ ನೋಡಿ, ತಪ್ಪಿದ್ದರೆ ತಿದ್ದಿಸಿ, ಜೊತೆಗೇ ಗ್ರಾಮ ಒನ್ ಕೇಂದ್ರಕ್ಕೆ ಕರೆದೊಯ್ದು ಕಾರ್ಡು ಮಾಡಿಸಿ, ಯಾವ ಕಾರ್ಡು ಎಲ್ಲಿ ಸಲ್ಲುವುದೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ಕೇಳಿಕೊಳ್ಳಿ. ಆಯುಷ್ಮಾನ್ ಸಹಾಯವಾಣಿಯ ಸಂಖ್ಯೆ 14555.