ಬಿಸಿ ಸಾರು ಮತ್ತು ಬ್ರಾನ್ ಎಂಬ ಕುಳ್ಳ

‘ಅಮ್ಮಾ, ಇದನ್ನ ಮಧ್ಯೆ ನಿಲ್ಸೋಕಾಗಲ್ಲ!’ ರಾತ್ರಿ ಊಟಕ್ಕೆ ಕರೆದಾಗಲೆಲ್ಲ ಮಗನ ಉತ್ತರ ಇದೇ. ಅವನು ಆಡುವುದು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. 2004ರಲ್ಲಿ ಶುರುವಾದ ಆಟ. ಅವನಿಗೂ ಅದಕ್ಕೂ ಒಂದೇ ವಯಸ್ಸು. ಅದರಲ್ಲಿ ‘ಡಂಜನ್’ ಅಂತ ಗುಹೆಗಳಿವೆ. ಐವರು ಸೇರಿ ಇಳಿಯುತ್ತಾರೆ: ಏಟು ತಿನ್ನಲು ಒಬ್ಬ, ಗಾಯ ವಾಸಿ ಮಾಡಲು ಒಬ್ಬ, ಹೊಡೆಯಲು ಮೂವರು. ನಮ್ಮವನು ವೈದ್ಯ. ನಡುವೆ ಎದ್ದರೆ ಉಳಿದ ನಾಲ್ವರ ಕಥೆ ಮುಗೀತು.

2024ರ ಆಗಸ್ಟ್‌ನಲ್ಲಿ ಈ ಆಟಕ್ಕೆ ‘ದಿ ವಾರ್ ವಿದಿನ್’ ಎಂಬ ಹತ್ತನೇ ವಿಸ್ತರಣೆ ಬಂತು. ನೆಲದಡಿಯ ನಾಡು, 80ರವರೆಗಿನ ಮಟ್ಟ, ಅದೆಲ್ಲ ನನ್ನ ತಲೆಗೆ ಹೋಗಲಿಲ್ಲ. ಹೋದದ್ದು ‘ಡೆಲ್ವ್’ ಒಂದೇ. ಇದು ಚಿಕ್ಕ ಗುಹೆ. ಒಬ್ಬರೇ ಇಳಿಯಬಹುದು, ಐವರ ತನಕ ಸೇರಲೂಬಹುದು. ಜೊತೆಗೆ ಬ್ರಾನ್ ಬ್ರಾಂಜ್‌ಬಿಯರ್ಡ್ ಎಂಬ ಗಡ್ಡದ ಕುಳ್ಳನನ್ನು ಆಟವೇ ಕಳಿಸುತ್ತೆ. ಎದ್ದು ಬಂದರೆ ಬೇಸರಪಡುವವರು ಯಾರೂ ಇಲ್ಲ.

ಮಗ ಕರೆದ ಕೂಡಲೇ ಊಟಕ್ಕೆ ಬರತೊಡಗಿದ. ಸಾರು ಬಿಸಿಬಿಸಿಯಾಗೇ ಖರ್ಚಾಯ್ತು. ಗೆದ್ದೆ ಅಂದ್ಕೊಂಡೆ. ಎರಡು ವಾರದ ಮೇಲೆ ಗಮನಿಸಿದೆ, ಅವನ ಕೋಣೆಯಿಂದ ನಗುವೇ ಕೇಳಿಸ್ತಿಲ್ಲ. ಹೆಡ್‌ಫೋನ್ ಮೊಳೆಗೆ ನೇತುಬಿದ್ದಿದೆ.

‘ನಿನ್ನ ಗ್ಯಾಂಗ್ ಎಲ್ಲೋ?’ ಅಂದೆ.

‘ನೀನೇ ಬೈತಿದ್ಯಲ್ಲಮ್ಮ’ ಅಂದ.

ಹೊಸ ಕಾಲೇಜಿಗೆ ಸೇರಿ ಒಂಟಿಯಾಗಿದ್ದ ವರ್ಷ ಅವನಿಗೆ ಮಾತಿಗೆ ಸಿಕ್ಕವರು ಆ ನಾಲ್ವರೇ. ಅದು ನನಗೆ ಮರೆತೇ ಹೋಗಿತ್ತು.

ಈಗ ಶನಿವಾರ ಎಂಟಕ್ಕೇ ಬಡಿಸ್ತೀನಿ. ಒಂಬತ್ತಕ್ಕೆ ಐವರೂ ಡಂಜನ್‌ಗೆ ಇಳೀತಾರೆ. ಹತ್ತೂವರೆಗೆ ಮುಗೀಬೇಕು ಅನ್ನೋದು ಕರಾರು, ಮೊನ್ನೆ ಹನ್ನೊಂದಾಯ್ತು.