ಅಪ್ಪನ ಬಾಜಿ ಗೆದ್ದ ಮೇಲೆ

ಒಂದು ಆಟದ ಬಯಲು. ಶಾಲೆಗೆ ಹೋಗುವ ವಯಸ್ಸಿನ ಕೆಲವು ಹುಡುಗರು. ಈ ಸಲದ ವಿಶ್ವಕಪ್ ಫುಟ್‌ಬಾಲ್ ಯಾರ ಪಾಲಾಗುತ್ತದೆ ಎಂಬ ಬಿಸಿಬಿಸಿ ಚರ್ಚೆ. ಒಬ್ಬೊಬ್ಬನದು ಒಂದೊಂದು ತಂಡ. ಅವರ ನಡುವೆ ಒಬ್ಬ ಹುಡುಗ ಮಾತ್ರ ಮುಖ ಸಪ್ಪಗೆ ಮಾಡಿಕೊಂಡಿದ್ದಾನೆ. ಕೊನೆಗೆ ಅವನು ಬಾಯಿ ಬಿಡುತ್ತಾನೆ. ಜರ್ಮನಿ ಗೆದ್ದರೆ ಸಾಕು ಎನ್ನುತ್ತಾನೆ. ಏಕೆಂದರೆ ಅವನು ಕೂಡಿಟ್ಟ ಹಣವನ್ನೆಲ್ಲ ಅವನಪ್ಪ ಜರ್ಮನಿಯ ಮೇಲೆ ಕಟ್ಟಿಬಿಟ್ಟಿದ್ದಾರೆ.

ಇದು 2014ರ ಜೂನ್‌ನಲ್ಲಿ ಸಿಂಗಪುರದ ಟಿ.ವಿ.ಯಲ್ಲಿ ಬರುತ್ತಿದ್ದ ಜಾಹೀರಾತು. ಮಾಡಿಸಿದ್ದು ಜೂಜಿನ ಚಟದ ವಿರುದ್ಧ ಕೆಲಸ ಮಾಡುವ ಅಲ್ಲಿನ ರಾಷ್ಟ್ರೀಯ ಮಂಡಳಿ. ಜೂಜಾಡುವವನು ಒಬ್ಬ, ನರಳುವವರು ಮನೆಮಂದಿ ಎಂದು ಹೇಳುವುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಜಾಹೀರಾತು ಬರೆದವರು ಒಂದು ಸಣ್ಣ ಎಡವಟ್ಟು ಮಾಡಿಕೊಂಡಿದ್ದರು. 32 ತಂಡಗಳ ಪೈಕಿ ಅವರು ಆರಿಸಿದ್ದು ಜರ್ಮನಿಯನ್ನು!

ಆ ತಂಡ ಒಂದೊಂದೇ ಸುತ್ತು ದಾಟತೊಡಗಿತು. ಜುಲೈ 8ರಂದು ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ಸೆಮಿಫೈನಲ್. ಸಿಂಗಪುರದಲ್ಲಿ ಆಗ 9ರ ನಸುಕಿನ ನಾಲ್ಕು ಗಂಟೆ. ಅರ್ಧ ಗಂಟೆ ಕಳೆಯುವುದರೊಳಗೆ ಜರ್ಮನಿ ಐದು ಗೋಲು ಹೊಡೆದಿತ್ತು. ಕೊನೆಗೆ 7-1. ತನ್ನ ನೆಲದಲ್ಲಿ, ತನ್ನ ಜನರ ಎದುರು ಬ್ರೆಜಿಲ್ ಮಣ್ಣು ಮುಕ್ಕಿತ್ತು. ಬೆಳಗಾಗುವ ಹೊತ್ತಿಗೆ ಸಿಂಗಪುರದವರ ಬಾಯಲ್ಲಿ ಆ ಜಾಹೀರಾತಿನದೇ ಮಾತು. ಹುಡುಗನ ಅಪ್ಪ ಭಾರೀ ಜಾಣ, ಮಗನಿಗೆ ಕಾಲೇಜು ಫೀಸೂ ಆಯಿತು, ಸೈಕಲ್ಲೂ ಆಯಿತು ಎಂಬಂಥ ಲೇವಡಿ. ಐದು ದಿನಗಳ ಬಳಿಕ ರಿಯೋದ ಫೈನಲ್‌ನಲ್ಲಿ ಜರ್ಮನಿ ಅರ್ಜೆಂಟೀನಾವನ್ನು 1-0ರಿಂದ ಸೋಲಿಸಿ ಕಪ್ ಎತ್ತಿತು. ಮಂಡಳಿಯವರು ಏನು ಮಾಡಿದರು? ಅದನ್ನು ಕೊನೆಗೆ ನೋಡಬಹುದು. ಅದಕ್ಕೂ ಮೊದಲು ಆ ಅಪ್ಪ ನಿಜಕ್ಕೂ ಜಾಣನೇ ಎಂದು ವಿಚಾರಿಸಬೇಕು.

ತನ್ನದಲ್ಲದ ತಂಡ

ಸಿಂಗಪುರ ಒಮ್ಮೆಯೂ ವಿಶ್ವಕಪ್‌ನ ಮುಖ್ಯ ಸುತ್ತಿಗೆ ಅರ್ಹತೆ ಪಡೆದಿಲ್ಲ. ಭಾರತವೂ ಅಲ್ಲಿ ಆಡಿದ್ದಿಲ್ಲ. ಆದರೆ ಅಭಿಮಾನಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಆ ಕೇರಿಯ ಹುಡುಗರು ಬ್ರೆಜಿಲ್ ಸೋತರೆ ಮಂಕಾಗುತ್ತಾರೆ, ಗೆದ್ದರೆ ಕುಣಿಯುತ್ತಾರೆ. 1986ರಲ್ಲಿ ದೂರದರ್ಶನದಲ್ಲಿ ಮರಡೋನಾನನ್ನು ಕಂಡು ಅರ್ಜೆಂಟೀನಾದವರಾಗಿಬಿಟ್ಟ ಕನ್ನಡಿಗರು ಈಗಲೂ ಊರೂರಲ್ಲಿ ಸಿಗುತ್ತಾರೆ. ಇದರಲ್ಲಿ ಕಳೆದುಕೊಳ್ಳುವುದು ನಿದ್ದೆ ಮಾತ್ರ.

ಸಿಂಗಪುರದಲ್ಲಿ ಈ ಅಭಿಮಾನದ ಪಕ್ಕದಲ್ಲೇ ಜೂಜಿನ ಕಟ್ಟೆ. ಕಳ್ಳ ಜೂಜನ್ನು ತಡೆಯಬೇಕಾದರೆ ಸರಕಾರಿ ಕಿಟಕಿಯೊಂದನ್ನು ತೆರೆಯಬೇಕೆಂಬ ತರ್ಕದಿಂದ ಅಲ್ಲಿ 1968ರಲ್ಲಿ ಸಿಂಗಪುರ್ ಪೂಲ್ಸ್ ಎಂಬ ಸಂಸ್ಥೆ ಹುಟ್ಟಿತು. ಲಾಟರಿಯಿಂದ ಆರಂಭವಾಗಿ ಮುಂದೆ ಫುಟ್‌ಬಾಲ್ ಪಂದ್ಯಗಳಿಗೂ ಅದು ಚೀಟಿ ಕೊಡತೊಡಗಿತು. 2005ರಲ್ಲಿ ಸರಕಾರ ಎರಡು ಕ್ಯಾಸಿನೊಗಳಿಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಈ ಮಂಡಳಿಯೂ ಬಂತು. ಒಂದು ಕೈಯಲ್ಲಿ ಗಾಯ, ಇನ್ನೊಂದರಲ್ಲಿ ಮುಲಾಮು ಎಂದು ಯಾರಾದರೂ ಹೇಳಿದರೆ ತಪ್ಪೆನ್ನಲಾಗದು. ಆದರೂ ಮುಲಾಮು ಸುಳ್ಳಿನದಲ್ಲ. ಜೂಜುಕೋರನ ಹೆಂಡತಿಯೋ ಮಕ್ಕಳೋ ಅರ್ಜಿ ಹಾಕಿ, ಅವನನ್ನು ಕ್ಯಾಸಿನೊ ಬಾಗಿಲಲ್ಲೇ ತಡೆಯುವ ಆದೇಶ ಪಡೆಯಲು ಅಲ್ಲಿ ಅವಕಾಶವಿದೆ.

ಸರಕಾರಿ ಕಿಟಕಿ ಇದ್ದರೂ ಕಳ್ಳ ಬುಕ್ಕಿಗಳು ಮಾಯವಾಗಲಿಲ್ಲ. 2010ರ ವಿಶ್ವಕಪ್ ನಡೆದ ಒಂದೇ ತಿಂಗಳಲ್ಲಿ ಚೀನಾ, ಮಲೇಷ್ಯಾ, ಸಿಂಗಪುರ ಮತ್ತು ಥಾಯ್ಲೆಂಡ್‌ಗಳಲ್ಲಿ ಇಂಟರ್‌ಪೋಲ್ ನೆರವಿನಿಂದ ನಡೆದ ದಾಳಿಗಳಲ್ಲಿ 5,000ಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು.

ಗೆದ್ದ ತಂಡ, ಸೋತ ಚೀಟಿ

ಈಗ ಲೆಕ್ಕಕ್ಕೆ ಬರುವುದಾದರೆ, ಹುಡುಗರು ಕಾಗದ ಪೆನ್ಸಿಲ್ ತೆಗೆದುಕೊಳ್ಳಬಹುದು.

ಪಂದ್ಯದ ಫಲಿತಾಂಶದ ಮೇಲೆ ಕಟ್ಟುವ ಸಾಮಾನ್ಯ ಬಾಜಿ 90 ನಿಮಿಷಗಳ ಆಟಕ್ಕೆ ಮಾತ್ರ. ರೆಫರಿ ಕೊನೆಗೆ ಸೇರಿಸುವ ನಾಲ್ಕಾರು ನಿಮಿಷಗಳೂ ಅದರಲ್ಲೇ ಬಂದವು. ಆದರೆ ಹೆಚ್ಚುವರಿ ಅರ್ಧ ಗಂಟೆಯಲ್ಲಿ ಬಂದ ಗೋಲು ಲೆಕ್ಕಕ್ಕಿಲ್ಲ. 2014ರಲ್ಲಿ ಜರ್ಮನಿ ಏಳು ಪಂದ್ಯ ಆಡಿತು, ಒಂದರಲ್ಲೂ ಸೋಲಲಿಲ್ಲ. ಪೋರ್ಚುಗಲ್ ಮೇಲೆ 4-0, ಅಮೆರಿಕದ ಮೇಲೆ 1-0, ಫ್ರಾನ್ಸ್ ಮೇಲೆ 1-0, ಬ್ರೆಜಿಲ್ ಮೇಲೆ 7-1. ಈ ನಾಲ್ಕು ನೇರ ಗೆಲುವು. ಘಾನಾ ಜತೆ 2-2 ಸಮ. ಅಲ್ಜೀರಿಯ ಎದುರು 90 ನಿಮಿಷ ಮುಗಿದಾಗ ಗೋಲೇ ಇಲ್ಲ. ಜರ್ಮನಿ 2-1ರಿಂದ ಗೆದ್ದದ್ದು ಹೆಚ್ಚುವರಿ ಆಟದಲ್ಲಿ. ಫೈನಲ್‌ನಲ್ಲೂ ಅದೇ ಕಥೆ. ಮಾರಿಯೊ ಗೋಟ್ಸೆ ಎದೆಯ ಮೇಲೆ ಚೆಂಡು ತಡೆದು ಒದ್ದ ಆ ಸೊಗಸಾದ ಗೋಲು ಬಂದದ್ದು 113ನೇ ನಿಮಿಷದಲ್ಲಿ.

ಅಂದರೆ ಪ್ರತಿ ಪಂದ್ಯಕ್ಕೂ ಜರ್ಮನಿಯೇ ಗೆಲ್ಲುತ್ತದೆಂದು ಹಣ ಕಟ್ಟುತ್ತ ಬಂದವನು ಏಳರಲ್ಲಿ ಮೂರು ಸಲ ಸೋತ. ಅದೂ ಲೋಕವನ್ನೇ ಗೆದ್ದ, ಒಮ್ಮೆಯೂ ಸೋಲದ ತಂಡದ ಮೇಲೆ ಕಟ್ಟಿ! ಗೋಟ್ಸೆಯ ಗೋಲಿಗೆ ಇಡೀ ಜರ್ಮನಿ ಎದ್ದು ಕುಣಿಯುವಾಗ ಅವನ ಚೀಟಿ ಆಗಲೇ ರದ್ದಿಯಾಗಿತ್ತು.

ಏಷ್ಯಾದ ಬುಕ್ಕಿಗಳಿಗೆ ಇನ್ನೂ ಪ್ರಿಯವಾದದ್ದು ಹ್ಯಾಂಡಿಕ್ಯಾಪ್. ಬಲವಾದ ತಂಡಕ್ಕೆ ಆಟ ಶುರುವಾಗುವ ಮೊದಲೇ ಒಂದೂವರೆ ಗೋಲಿನ ಸಾಲ ಹೊರಿಸುತ್ತಾರೆ ಎಂದಿಟ್ಟುಕೊಳ್ಳಿ. ಆಗ ಆ ತಂಡ ಎರಡು ಗೋಲಿನ ಅಂತರದಿಂದ ಗೆದ್ದರೆ ಮಾತ್ರ ಹಣ. ಪಂದ್ಯಕ್ಕೆ ತಕ್ಕಂತೆ ಈ ಸಾಲ ಹೆಚ್ಚು ಕಡಿಮೆ ಆಗುತ್ತದೆ. ಎಲ್ಲ ಪಂದ್ಯಕ್ಕೂ ಒಂದೂವರೆಯೇ ಎಂದುಕೊಂಡರೆ ಜರ್ಮನಿಯ ಏಳರಲ್ಲಿ ಎರಡು ಪಂದ್ಯಗಳಷ್ಟೇ ಈ ಅಳತೆಗೆ ನಿಲ್ಲುತ್ತವೆ. ಇಂಥ ಚೀಟಿ ಕಿಸೆಯಲ್ಲಿಟ್ಟುಕೊಂಡವನು ಆಟ ನೋಡುವ ರೀತಿಯೇ ಬೇರೆ. ತನ್ನ ತಂಡ 1-0 ಮುಂದಿದ್ದು ಕೊನೆಯ ನಿಮಿಷಗಳಲ್ಲಿ ಜಾಗರೂಕತೆಯಿಂದ ಚೆಂಡು ಕಾಯುತ್ತಿದ್ದರೆ ಅಭಿಮಾನಿ ಉಸಿರು ಬಿಗಿಹಿಡಿದು ಮೆಚ್ಚುತ್ತಾನೆ. ಬಾಜಿ ಕಟ್ಟಿದವನು ಅದೇ ಆಟಗಾರರನ್ನು ಬಯ್ಯುತ್ತಾನೆ. ತಂಡ ಗೆದ್ದ ದಿನ ತಲೆ ಮೇಲೆ ಕೈಹೊತ್ತು ಕೂತವನನ್ನು ಅಭಿಮಾನಿ ಎನ್ನಲು ಬರುತ್ತದೆಯೇ?

ಆ ಬಯ್ಗುಳ ಯಾವ ಮಟ್ಟಕ್ಕೆ ಹೋಗಬಹುದೆಂಬ ಭಯ ಕೊಲಂಬಿಯಾದ ಆಂದ್ರೆಸ್ ಎಸ್ಕೊಬಾರ್ ಹೆಸರಿನೊಡನೆ ಅಂಟಿಕೊಂಡಿದೆ. 1994ರ ಜೂನ್ 22ರಂದು ಅಮೆರಿಕದ ವಿರುದ್ಧ ಚೆಂಡು ತಡೆಯಲು ಹೋಗಿ ಅವನು ತನ್ನದೇ ಗೋಲಿಗೆ ಹೊಡೆದ. ತಂಡ 2-1ರಿಂದ ಸೋತು ಮೊದಲ ಸುತ್ತಿನಲ್ಲೇ ಹೊರಬಿತ್ತು. ಹತ್ತು ದಿನಗಳ ಮೇಲೆ ಅವನ ಊರು ಮೆಡೆಲಿನ್‌ನಲ್ಲಿ ಗುಂಡಿಟ್ಟು ಕೊಂದರು. ವಯಸ್ಸು 27. ಒಬ್ಬನಿಗೆ ಶಿಕ್ಷೆಯಾಯಿತು. ಬಾಜಿಯಲ್ಲಿ ಕಳೆದುಕೊಂಡ ಮಾದಕವಸ್ತು ದೊರೆಗಳ ಸಿಟ್ಟೇ ಕಾರಣವೆಂಬ ಮಾತು ಎದ್ದಿತಾದರೂ ನ್ಯಾಯಾಲಯದಲ್ಲಿ ಅದು ರುಜುವಾತಾಗಲಿಲ್ಲ. ಆದರೂ ಜನ ಅದನ್ನು ತಕ್ಷಣ ನಂಬಿದರು.

ಬುಕ್ಕಿಯ ಲಾಭದ ಗುಟ್ಟು ಬಹಳ ಸರಳ. ಸಮಬಲದ ಎರಡು ಕಡೆ. ಒಬ್ಬ ಇತ್ತ 100 ರೂಪಾಯಿ, ಇನ್ನೊಬ್ಬ ಅತ್ತ 100 ರೂಪಾಯಿ ಕಟ್ಟುತ್ತಾರೆ. ಗೆದ್ದವನಿಗೆ ಸಿಗುವುದು 200 ಅಲ್ಲ, 190. ಉಳಿದ 10 ಬುಕ್ಕಿಯದು. ಅವನಿಗೆ ಯಾರು ಗೆದ್ದರೂ ಒಂದೇ. ಹೀಗೆ ಹತ್ತು ಸಲ ಆಡಿ ಐದು ಸಲ ಗೆದ್ದವನು 1000 ಕಟ್ಟಿ 950 ಪಡೆಯುತ್ತಾನೆ. ಅರ್ಧಕ್ಕರ್ಧ ಸರಿಯಾಗಿ ಊಹಿಸಿದವನಿಗೂ ನಷ್ಟವೇ. ಸೋತಾಗಲೆಲ್ಲ ದುಪ್ಪಟ್ಟು ಕಟ್ಟಿ ಒಂದೇ ಗೆಲುವಿನಲ್ಲಿ ಎಲ್ಲ ವಾಪಸು ಪಡೆಯುತ್ತೇನೆ ಎನ್ನುವ ಪಂಡಿತರೂ ಇದ್ದಾರೆ. 100ರಿಂದ ಶುರು ಮಾಡಿ ಆರು ಸಲ ಸೋತರೆ ಹೋದದ್ದು 6,300. ಏಳನೆಯ ಸಲಕ್ಕೆ 6,400 ಬೇಕು. ಇಷ್ಟೆಲ್ಲ ಮಾಡಿ, ಗೆದ್ದರೂ ದಕ್ಕುವುದು ನೂರು ರೂಪಾಯಿ. ಬುಕ್ಕಿ ಪಾಲು ಹಿಡಿದರೆ ಅದೂ ಇಲ್ಲ.

ಗಿಳಿಯೂ ಆಕ್ಟೋಪಸ್ಸೂ

2010ರಲ್ಲಿ ಜರ್ಮನಿಯ ಓಬರ್‌ಹೌಸನ್‌ನ ಮತ್ಸ್ಯಾಗಾರದಲ್ಲಿದ್ದ ಪಾಲ್ ಎಂಬ ಆಕ್ಟೋಪಸ್ ಎಂಟು ಪಂದ್ಯಗಳಿಗೆ ಎಂಟೂ ಸರಿಯಾದ ಭವಿಷ್ಯ ಹೇಳಿ ಲೋಕಪ್ರಸಿದ್ಧವಾಯಿತು. ಎರಡು ವರ್ಷ ಹಿಂದಿನ ಯೂರೋ ಪಂದ್ಯಾವಳಿಯಲ್ಲಿ ಅದು ಆರರಲ್ಲಿ ಎರಡು ತಪ್ಪಿದ್ದು ಯಾರಿಗೂ ನೆನಪಿರಲಿಲ್ಲ! ಅದೇ 2010ರಲ್ಲಿ ಸಿಂಗಪುರದ ಲಿಟಲ್ ಇಂಡಿಯಾ ಬೀದಿಯಲ್ಲಿ ಗಿಳಿಶಾಸ್ತ್ರ ಹೇಳುವವರೊಬ್ಬರ ಗಿಳಿ ‘ಮಣಿ’ ನಾಲ್ಕೂ ಕ್ವಾರ್ಟರ್‌ಫೈನಲ್‌ಗಳನ್ನು ಸರಿಯಾಗಿ ಹೇಳಿತು. ಜನ ಮುಗಿಬಿದ್ದರು. ಫೈನಲ್‌ಗೆ ಗಿಳಿ ನೆದರ್ಲೆಂಡ್ಸ್ ಕಾರ್ಡು ಎಳೆಯಿತು, ಪಾಲ್ ಸ್ಪೇನ್ ಡಬ್ಬಿ ಹಿಡಿಯಿತು. ಗೆದ್ದದ್ದು ಸ್ಪೇನ್. ಗಿಳಿಯನ್ನು ನಂಬಿ ಹಣ ಕಟ್ಟಿದವರಿದ್ದರೆ ಅವರ ಗತಿ ಊಹಿಸಬಹುದು.

ಕಣ್ಣು ಮುಚ್ಚಿ ಎರಡರಲ್ಲೊಂದು ಆರಿಸುತ್ತ ಎಂಟೂ ಸರಿಯಾಗುವ ಸಾಧ್ಯತೆ 256ಕ್ಕೆ ಒಂದು. ಅಪರೂಪ ಹೌದು, ಪವಾಡ ಅಲ್ಲ. ‘ಗ್ಯಾರಂಟಿ ಟಿಪ್ಸ್’ ಮಾರುವವರ ಬಂಡವಾಳವೂ ಇದೇ ಲೆಕ್ಕ. ಸೋಲು-ಗೆಲುವು ಇತ್ಯರ್ಥವಾಗಲೇಬೇಕಾದ ಪಂದ್ಯಗಳನ್ನು ಹಿಡಿದು ಒಬ್ಬ 256 ಜನರಿಗೆ ಸಂದೇಶ ಕಳಿಸುತ್ತಾನೆ. ಅರ್ಧ ಜನರಿಗೆ ಈ ತಂಡ, ಇನ್ನರ್ಧಕ್ಕೆ ಆ ತಂಡ. ಸರಿ ಬಂದ 128 ಜನರಿಗಷ್ಟೇ ಮುಂದಿನ ಸಂದೇಶ. ಮತ್ತೆ 64, 32... ಎಂಟು ಪಂದ್ಯ ಮುಗಿಯುವಾಗ ಒಬ್ಬನಿಗೆ ಎಂಟಕ್ಕೆ ಎಂಟೂ ಸರಿಯಾದ ಭವಿಷ್ಯ ಬಂದಿರುತ್ತದೆ. ಒಂಬತ್ತನೆಯದಕ್ಕೆ ಅವನು ಮನೆ ಅಡವಿಟ್ಟು ಹಣ ಕೊಟ್ಟರೂ ಆಶ್ಚರ್ಯವಿಲ್ಲ.

ಬಾಗಿಲಿನ ಮೇಲಿನ ಬಣ್ಣ

ಸರಕಾರಿ ಕಿಟಕಿಯಲ್ಲಿ ನಗದು ಕೊಟ್ಟರೆ ಮಾತ್ರ ಚೀಟಿ. ಕಳ್ಳ ಬುಕ್ಕಿ ಉದ್ರಿ ಕೊಡುತ್ತಾನೆ. ಇದೇ ಅವನ ದೊಡ್ಡ ಆಕರ್ಷಣೆ. ಕೈಯಲ್ಲಿ ಕಾಸಿಲ್ಲದವನೂ ಫೋನಿನಲ್ಲಿ ಸಾವಿರಗಟ್ಟಲೆ ಕಟ್ಟಬಹುದು. ತೀರಿಸಲಾಗದಾಗ ಉಳಿಯುವುದು ಮೀಟರ್ ಬಡ್ಡಿಯವರ ದಾರಿ. ಸಿಂಗಪುರದಲ್ಲಿ ಅವರನ್ನು ‘ಆ ಲಾಂಗ್’ ಎನ್ನುತ್ತಾರೆ. ಸಾಲ ತೀರದಿದ್ದರೆ ಅವರ ಕಡೆಯವರು ಬಂದು ಮನೆಬಾಗಿಲಿಗೆ ಬಣ್ಣ ಎರಚಿ, ಮೆಟ್ಟಿಲ ಗೋಡೆಯ ಮೇಲೆ ‘ಸಾಲಗಾರ, ಹಣ ಕಟ್ಟು’ ಎಂಬರ್ಥದ ಸಂಕೇತಾಕ್ಷರಗಳನ್ನೂ ಮನೆ ನಂಬರನ್ನೂ ಬರೆದು ಹೋಗುವುದುಂಟು. ಅಲ್ಲಿನ ಹೆಚ್ಚಿನ ಜನ ವಾಸಿಸುವುದು ಸರಕಾರಿ ವಸತಿ ಸಮುಚ್ಚಯಗಳಲ್ಲಿ. ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟ ಮಗು ಮೊದಲು ನೋಡುವುದು ಆ ಗೋಡೆಯನ್ನು. ನೆರೆಮನೆಯ ಮಗುವೂ ಅದನ್ನೇ ನೋಡುತ್ತದೆ.

ಆದರೆ ಸೋಲಿನಿಂದ ಜೂಜುಕೋರನಾದವನಿಗಿಂತ ಗೆಲುವಿನಿಂದ ಆದವನ ಕಥೆಯೇ ಹೆಚ್ಚು ಕೇಳಿಬರುತ್ತದೆ. ಮೊದಲ ದಿನವೇ ಸೋತವನು ಕೈಸುಟ್ಟುಕೊಂಡು ಹಿಂದೆ ಸರಿದಾನು. ಮೊದಲೇ ದೊಡ್ಡದಾಗಿ ಗೆದ್ದವನಿಗೆ ಆ ಅದೃಷ್ಟ ತನ್ನ ಬುದ್ಧಿವಂತಿಕೆಯೆಂದೇ ತೋರುತ್ತದೆ. ಆಮೇಲೆ ಸೋತದ್ದೆಲ್ಲ ತಾತ್ಕಾಲಿಕ. ನಾಳೆ ಎಲ್ಲ ವಸೂಲಿ. ಹೀಗೆ ಕಳೆದದ್ದನ್ನು ಬೆನ್ನಟ್ಟುವುದು, ದಿನದಿನಕ್ಕೆ ಮೊತ್ತ ಏರಿಸುವುದು, ಮನೆಯವರಿಗೆ ಸುಳ್ಳು ಹೇಳುವುದು, ಬಿಡಲು ಹೊರಟಾಗ ಚಡಪಡಿಸುವುದು ಇವೆಲ್ಲ ವೈದ್ಯರು ಗುರುತಿಸಿರುವ ಲಕ್ಷಣಗಳು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗಪಟ್ಟಿ ಪರಿಷ್ಕರಿಸಿದಾಗ ಜೂಜಿನ ಚಟವನ್ನು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಸಾಲಿಗೇ ಸೇರಿಸಿತು.

ನಮ್ಮಲ್ಲಿ ಬಾಗಿಲಿಗೆ ಬಣ್ಣ ಬೀಳುವ ಮೊದಲೇ ಹಣ ಫೋನಿನೊಳಗಿಂದ ಹೋಗಿರುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯಿದೆಗೆ ಒಪ್ಪಿಗೆ ನೀಡಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನನ್ನು ಅದು ಅಪರಾಧಿಯೆಂದು ಕಾಣುವುದಿಲ್ಲ. ಇದನ್ನು ತಂದೆತಾಯಿ ಅಗತ್ಯವಾಗಿ ತಿಳಿದಿರಬೇಕು, ಏಕೆಂದರೆ ಹೆದರಿಕೆಯಿಂದಲೇ ಎಷ್ಟೋ ಹುಡುಗರು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಮಗ ಬಂದು ಹೇಳಿದ ದಿನ ಬೈದು ಸಾಲ ತೀರಿಸಿಬಿಟ್ಟರೆ ವಿಷಯ ಮುಗಿಯದು; ಸಾಲ ತೀರಿದವನಿಗೆ ಮತ್ತೆ ಆಡಲು ದಾರಿ ತೆರೆದಂತೆ. ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ಆರಂಭಿಸಿತು. ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ 2022ರಿಂದ ಇದೆ. ಅದರ ಸಂಖ್ಯೆ 14416.

ಇನ್ನು ಸಿಂಗಪುರದ ಆ ಮಂಡಳಿಯ ಕಥೆ. ಜನರ ನಗೆಗೆ ಹೆದರಿ ಅವರು ಜಾಹೀರಾತನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳಬಹುದಿತ್ತು. ಅದರ ಬದಲು ಮುಂದಿನ ಕಂತು ಮಾಡಿಸಿದರು. ಅದೇ ಹುಡುಗ. ನಿನ್ನಪ್ಪ ಹಣ ಕಟ್ಟಿದ ತಂಡವೇ ಗೆದ್ದಿತಲ್ಲ, ನಿನ್ನ ದುಡ್ಡು ವಾಪಸು ಬಂತೇ ಎಂದು ಸ್ನೇಹಿತೆ ಕೇಳುತ್ತಾಳೆ. ಹುಡುಗನ ಮುಖ ಮೊದಲಿನಷ್ಟೇ ಸಪ್ಪಗಿದೆ. ಇಲ್ಲ, ಅಪ್ಪ ನಿಲ್ಲಿಸುವುದೇ ಇಲ್ಲ, ಇನ್ನೊಂದೇ ಒಂದು ಸಲ ಕಟ್ಟುತ್ತಾರಂತೆ ಎನ್ನುತ್ತಾನೆ.