ಮಳೆಯೂರಿನ ಗುಹೆಯಲ್ಲಿ ಬರದ ಲೆಕ್ಕ

ಸೊಹ್ರಾ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಗುರುತು ಹತ್ತುವುದಿಲ್ಲ. ಚಿರಾಪುಂಜಿ ಎಂದರೆ ಸಾಕು, ಶಾಲೆಯ ಭೂಗೋಳದ ಪಾಠ ನೆನಪಾಗುತ್ತದೆ. ಎರಡೂ ಮೇಘಾಲಯದ ಒಂದೇ ಊರು. 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ ಇಲ್ಲಿ ಸುರಿದ ಮಳೆ 26,461 ಮಿಲಿಮೀಟರ್. ಹನ್ನೆರಡು ತಿಂಗಳ ಆ ವಿಶ್ವದಾಖಲೆಯನ್ನು ಇನ್ನೂ ಯಾವ ಊರೂ ಮುರಿದಿಲ್ಲ. ಇದರ ಮಗ್ಗುಲಲ್ಲಿರುವ ಹಳ್ಳಿ ಮಾವ್‌ಮ್ಲು. ಅಲ್ಲಿನ ಗುಹೆ ಜಗತ್ತಿಗೆಲ್ಲ ಹೆಸರಾದದ್ದು ಮಾತ್ರ ಮಳೆಯಿಂದಲ್ಲ, ಬರದಿಂದ.

ಸಮುದ್ರಮಟ್ಟದಿಂದ ಸುಮಾರು 1,290 ಮೀಟರ್ ಎತ್ತರದಲ್ಲಿರುವ ಈ ಗುಹೆ ಖಾಸಿ ಬೆಟ್ಟದ ಸುಣ್ಣಕಲ್ಲಿನೊಳಗೆ ಏಳು ಕಿಲೋಮೀಟರ್‌ನಷ್ಟು ಕವಲೊಡೆದು ಹಬ್ಬಿದೆ. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲೀಯವಾಗುತ್ತದೆ, ಸುಣ್ಣಕಲ್ಲನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಗುಹೆಯ ಗಾಳಿಗೆ ತಾಕಿದೊಡನೆ ಆ ಅನಿಲ ಹಾರಿಹೋಗಿ ಸುಣ್ಣ ಉಳಿಯುತ್ತದೆ. ಹನಿ ಬಿದ್ದಲ್ಲೇ ಬೀಳುತ್ತ ನೆಲದಿಂದ ಮೇಲೆದ್ದು ನಿಂತ ಸುಣ್ಣದ ಕಂಬವೇ ಸ್ಟಾಲಗ್ಮೈಟ್. ಅದರ ವಯಸ್ಸು ತಿಳಿಯಲು ಯುರೇನಿಯಂ ನೆರವಾಗುತ್ತದೆ. ಯುರೇನಿಯಂ ನೀರಿನಲ್ಲಿ ಕರಗಿ ಕಂಬ ಸೇರುತ್ತದೆ, ಥೋರಿಯಂ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಹಾಗಾಗಿ ಕಂಬದಲ್ಲಿ ಸಿಗುವ ಥೋರಿಯಂ ಬಹುಪಾಲು ಅಲ್ಲೇ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಎರಡರ ಪ್ರಮಾಣ ಅಳೆದರೆ ಪದರದ ವಯಸ್ಸು ಸಿಕ್ಕಿತು.

ಇಲ್ಲಿನ ಕಂಬವೊಂದರ ಆಕ್ಸಿಜನ್ ಐಸೊಟೋಪ್‌ಗಳು ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕ್ಷೀಣಿಸಿದ್ದನ್ನು ಸೂಚಿಸಿದವು. ಅದನ್ನೇ ಗಡಿಕಲ್ಲಾಗಿ ಇಟ್ಟುಕೊಂಡು 2018ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ನಾವು ಬದುಕುತ್ತಿರುವ ಕಾಲಕ್ಕೆ ‘ಮೇಘಾಲಯನ್ ಯುಗ’ ಎಂದು ಹೆಸರಿಟ್ಟಿತು. ಹೆಸರೇನೋ ನಿಂತಿತು, ವಾದ ನಿಲ್ಲಲಿಲ್ಲ. ಅದೇ ಗುಹೆಯ ಬೇರೆ ಕಂಬಗಳನ್ನು ಇನ್ನೂ ಸೂಕ್ಷ್ಮವಾಗಿ ಓದಿದವರಿಗೆ ಒಂದೇ ಏಟಿಗೆ ಕುಸಿದ ಮಳೆ ಕಾಣಲಿಲ್ಲ, ಏರಿಳಿತ ಕಂಡಿತು. ಯುಗದ ಹೆಸರಿಗಿಂತ ಈ ತಕರಾರೇ ನನಗೆ ಹೆಚ್ಚು ಕುತೂಹಲದ್ದು. ಕಂಬ ಬರೆದಿಡುವುದು ವರ್ಷದ ಮಳೆಯ ಮೊತ್ತವನ್ನೋ, ಋತುಗಳ ಬದಲಾವಣೆಯನ್ನೋ ಎಂಬ ಪ್ರಶ್ನೆ ಅದರ ಹಿಂದಿದೆ.

ಆರಿದ್ರಾ ಮಳೆಯೇ ಬೇರೆ, ಹಸ್ತದ ಮಳೆಯೇ ಬೇರೆ ಎಂಬುದು ನಮ್ಮ ರೈತರಿಗೆ ಹೊಸ ಮಾತಲ್ಲ. ಸೊಹ್ರಾದಲ್ಲಿ ಈ ಬೇರೆತನ ರಾಸಾಯನಿಕವಾಗಿಯೂ ನಿಜ. ಕಂಬದಲ್ಲಿ ಆಕ್ಸಿಜನ್‌ನ ಭಾರವಾದ ಐಸೊಟೋಪ್ ಕಡಿಮೆಯಾದರೆ ಮಳೆ ಹೆಚ್ಚಾಗಿದೆ ಎಂದು ಓದುವುದು ರೂಢಿ. ಆದರೆ ಇಲ್ಲಿ ವರ್ಷಗಟ್ಟಲೆ ಮಳೆನೀರು ಹಿಡಿದು ಪರೀಕ್ಷಿಸಿದಾಗ ಹಗುರ ಆಕ್ಸಿಜನ್ ಅತಿ ಹೆಚ್ಚಾಗಿ ಸಿಕ್ಕದ್ದು ಮಳೆ ಧೋ ಎಂದು ಸುರಿಯುವ ಜೂನ್‌, ಜುಲೈಯಲ್ಲಲ್ಲ, ಮುಂಗಾರು ಮುಗಿಯುತ್ತ ಬಂದಾಗ. ಅಷ್ಟರಲ್ಲಿ ಗಂಗಾ, ಬ್ರಹ್ಮಪುತ್ರಗಳ ಸಿಹಿನೀರು ಬಂಗಾಳ ಕೊಲ್ಲಿಯ ಮೇಲ್ಪದರದಲ್ಲಿ ಹರಡಿಕೊಂಡಿರುತ್ತದೆ. ಅಲ್ಲಿಂದೆದ್ದ ಆವಿಯೇ ಹಗುರ, ಅದರ ಮಳೆಯೂ ಹಗುರ. ಅಂದರೆ ಮುಂಗಾರಿನ ಕೊನೆಯ ವಾರಗಳು ತುಸು ಹಿಗ್ಗಿದರೂ ಕಂಬದ ಆಕ್ಸಿಜನ್ ಬದಲಾಗುತ್ತದೆ, ವರ್ಷದ ಮೊತ್ತ ಅಷ್ಟೇ ಇದ್ದರೂ.

ಇನ್ನು ಒಣ ತಿಂಗಳುಗಳು. ಇಷ್ಟು ಮಳೆ ಬೀಳುವ ಸೊಹ್ರಾದಲ್ಲಿ ಚಳಿಗಾಲ ಬಂತೆಂದರೆ ಕುಡಿಯುವ ನೀರಿಗೆ ಪರದಾಟ. ಬಂಡೆಯೊಳಗೂ ಅದೇ ಕಥೆ. ಬಿರುಕುಗಳಲ್ಲಿ ಗಾಳಿ ತುಂಬಿಕೊಂಡು, ಹನಿ ಗುಹೆ ಮುಟ್ಟುವ ಮೊದಲೇ ದಾರಿಯಲ್ಲಿ ಒಂದಿಷ್ಟು ಸುಣ್ಣ ಕಟ್ಟಿಬಿಡುತ್ತದೆ. ಉಳಿದ ನೀರಿನಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದರೆ ಮೆಗ್ನೀಷಿಯಂ ಪಾಲು ಏರುತ್ತದೆ. ಕಂಬದಲ್ಲಿ ಮೆಗ್ನೀಷಿಯಂ ಏರಿದ ಗೆರೆ ಕಂಡರೆ ಮೇಲೆ ಒಣಹವೆ ಇತ್ತೆಂದು ಊಹಿಸಬಹುದು. ಮಾವ್‌ಮ್ಲುವಿನ ಕಂಬವೊಂದರ ಇತ್ತೀಚಿನ ಐವತ್ತು ವರ್ಷಗಳ ಬೆಳವಣಿಗೆಯನ್ನು ಹೀಗೆ ಓದಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಈಶಾನ್ಯದ ಚಳಿಗಾಲದ ಮಳೆಗೂ ದೂರದ ಪೆಸಿಫಿಕ್ ಸಾಗರದ ಸ್ಥಿತಿಗೂ ನಂಟಿರುವುದು ಅದರಲ್ಲಿ ಕಂಡುಬಂತು.

ಋತು ಋತುವನ್ನು ಬಿಡಿಸಿ ನೋಡುವುದಕ್ಕೆ ಏಕಿಷ್ಟು ಹಟ ಎಂದರೆ, ಉತ್ತರಾಖಂಡದ ಪಿಥೋರಗಢ ಬಳಿಯ ಧರಮ್‌ಜಲಿ ಗುಹೆಯನ್ನು ನೋಡಬೇಕು. ಅಲ್ಲಿನ ಕಂಬದ ರಸಾಯನ ಹೇಳುವಂತೆ 4,200 ವರ್ಷಗಳ ಹಿಂದಿನಿಂದ ಶುರುವಾಗಿ ಇನ್ನೂರು ಚಿಲ್ಲರೆ ವರ್ಷಗಳ ಅವಧಿಯಲ್ಲಿ ಮೂರು ದೀರ್ಘ ಬರಗಳು ಬಂದವು, ಒಂದೊಂದೂ 25ರಿಂದ 90 ವರ್ಷ. ಬೇಸಿಗೆ ಮಳೆಯೂ ಕೈಕೊಟ್ಟಿತು, ಚಳಿಗಾಲದ ಮಳೆಯೂ ಕೈಕೊಟ್ಟಿತು. ಸಿಂಧೂ ಬಯಲಿನಲ್ಲಿ ಗೋಧಿ, ಬಾರ್ಲಿ ಚಳಿಗಾಲದ ಬೆಳೆ, ಕಿರುಧಾನ್ಯ ಮಳೆಗಾಲದ್ದು. ಒಂದು ಋತು ಕೈಬಿಟ್ಟರೆ ಇನ್ನೊಂದನ್ನು ನಂಬಬಹುದಿತ್ತು, ಎರಡೂ ಹೋದರೆ ಊರು ಬಿಡದೆ ಗತಿಯಿಲ್ಲ. ಸಿಂಧೂ ನಾಗರಿಕತೆಯ ಮಹಾನಗರಗಳು ಬರಿದಾಗತೊಡಗಿದ್ದು ಆ ಕಾಲದಲ್ಲೇ. ಆದರೂ ಅದಕ್ಕೆ ಬರವೊಂದೇ ಕಾರಣ ಎನ್ನುವುದು ಆತುರವಾದೀತು.

ನಮ್ಮ ರಾಜ್ಯದಲ್ಲೂ ಇಂಥ ಕಂಬ ಓದಿದ್ದಾರೆ. ಉತ್ತರ ಕನ್ನಡದ ಅಕಳಗವಿಯ ಸ್ಟಾಲಗ್ಮೈಟ್ ಒಂದರ ಪದರಗಳಲ್ಲಿ 331 ವರ್ಷಗಳ ಮುಂಗಾರಿನ ಏರಿಳಿತವನ್ನು ಹುಡುಕಿದ ಅಧ್ಯಯನ 2004ರಲ್ಲಿ ಹೊರಬಂದಿದೆ.

ಮಾವ್‌ಮ್ಲುವಿಗೆ ಹೋಗುವುದಾದರೆ ಶಿಲ್ಲಾಂಗ್‌ನಿಂದ ಸೊಹ್ರಾ ಸುಮಾರು 55 ಕಿಲೋಮೀಟರ್. ಸುತ್ತಮುತ್ತ ಸುಣ್ಣಕಲ್ಲಿನ ಗಣಿಗಾರಿಕೆ ನಡೆದ ಜಾಗ ಇದು, ಸಿಮೆಂಟ್ ಕಾರ್ಖಾನೆಯೂ ಬಂದಿದೆ. ವಿಶ್ವಮಾನ್ಯ ಗುಹೆಯ ನೆರೆಗೆ ಅದು ಹಿತವಾಗಿ ಕಾಣುವುದಿಲ್ಲ. ಯುಗಕ್ಕೆ ಹೆಸರು ತಂದ ಕಂಬವನ್ನು ಹುಡುಕಬೇಡಿ, ಅದು ಸಂಶೋಧಕರ ಜೊತೆ ಎಂದೋ ಹೊರಗೆ ಹೋಗಿದೆ. ಗುಹೆಯೊಳಗೆ ನೀರು ಹರಿಯುವುದರಿಂದ ಮಳೆಗಾಲದಲ್ಲಿ ಇಳಿಯುವುದು ಅಪಾಯ. ನವೆಂಬರ್‌ನಿಂದ ಫೆಬ್ರವರಿ ಸೂಕ್ತ. ಸ್ಥಳೀಯ ಮಾರ್ಗದರ್ಶಿ, ಹೆಲ್ಮೆಟ್, ಟಾರ್ಚ್ ಬೇಕೇ ಬೇಕು. ನೀರಿಗಿಳಿಯಲು ಮನಸ್ಸಿಲ್ಲದವರಿಗೆ ಹತ್ತಿರದಲ್ಲೇ ಮಾವ್‌ಸ್ಮಾಯ್ ಗುಹೆಯಿದೆ. ಅಲ್ಲಿ ವಿದ್ಯುತ್ ದೀಪಗಳಿವೆ, ಮಕ್ಕಳೂ ಹೋಗಿಬರಬಹುದು.